ನೀರು ಬೆರೆಸಿದ ಕೈ

ಸಂಜೆ ನಾಲ್ಕಕ್ಕೆ ಹಾಸ್ಟೆಲ್ಲಿನ ಅಡುಗೆಯವರು ಬರುವವರಿದ್ದರು. ಸೊಸೆ ಮನೆಯಲ್ಲೇ ಕಾಯಿಸಿ ಮಾಡುವ ಪಾತ್ರೆ ತೊಳೆಯುವ ದ್ರವಸೋಪು ಅವರಿಗೆ ಹಿಡಿಸಿದರೆ ತಿಂಗಳಿಗೆ ನಲವತ್ತು ಬಾಟಲಿ ಬೇಕಂತೆ. ಅವಳಿಗೆ ಇದೇ ಮೊದಲ ದೊಡ್ಡ ಗಿರಾಕಿ. ಮಧ್ಯಾಹ್ನ ಅವಳು ಬಾಟಲಿಗಳಿಟ್ಟ ಕಪಾಟು ತೆರೆದಳು. ಹನ್ನೆರಡರಲ್ಲಿ ಎಂಟು ಬಾಟಲಿ ಒಡೆದ ಹಾಲಿನಂತೆ ಕೂತಿದ್ದವು: ಮೇಲೆ ಬಿಳಿ ಚೂರು, ಕೆಳಗೆ ಮಂಕು ನೀರು. ಕಪಾಟಿನ ಮೇಲಿನ ಅರೆಯಲ್ಲಿದ್ದ ನಾಲ್ಕು ಮಾತ್ರ ಏನೂ ಆಗದವರಂತೆ ತಿಳಿಯಾಗಿ ಹೊಳೆಯುತ್ತಿದ್ದವು.

ಒಂದೇ ಪಾತ್ರೆಯ ಸೋಪು, ಒಂದೇ ಫಿಲ್ಟರ್ ನೀರು. ಮತ್ತೆ ಈ ಪಂಕ್ತಿಭೇದ ಯಾಕೆ? ಕುಲುಕಲು ಜಾಗವಿರಲೆಂದು ಅವಳು ಪ್ರತಿ ಬಾಟಲಿಯಲ್ಲೂ ನಾಲ್ಕು ಬೆರಳು ಖಾಲಿ ಬಿಟ್ಟಿದ್ದಳು. ಒಡೆದ ಎಂಟೂ ಈಗ ಕಂಠಪೂರ್ತಿ ತುಂಬಿದ್ದವು. ಮೇಲಿನ ಅರೆ ಎಟುಕಬೇಕಾದರೆ ಸ್ಟೂಲು ಹತ್ತಬೇಕು. ಮಂಡಿನೋವಿನಿಂದ ಸ್ಟೂಲು ಹತ್ತದವರು ಮನೆಯಲ್ಲಿ ಒಬ್ಬರೇ.

ಮಾವ ಮೂವತ್ತೈದು ವರ್ಷ ಮನೆಮನೆಗೆ ಹಾಲು ಹಾಕಿದವರು. ಅರೆಬರೆ ತುಂಬಿದ್ದು ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ.

"ಕಮ್ಮಿ ಕಾಣ್ತಿತ್ತು ಕಣಮ್ಮ. ನಮ್ಮ ಬೋರ್‌ವೆಲ್ ನೀರೇ ಹಾಕಿದೆ, ಕುಡಿಯೋಕೆ ಎಷ್ಟು ರುಚಿ ಅದು."

"ಆ ರುಚಿ ಸುಣ್ಣದ್ದು ಮಾವ. ಸೋಪಿಗೂ ಅದಕ್ಕೂ ಆಗಿಬರಲ್ಲ."

ತಾನು ಹಾಕಿದ ಹಾಲು ಒಂದು ದಿನವೂ ಒಡೆದದ್ದಿಲ್ಲ ಎಂದು ಮಾವ ಗೊಣಗಿದರು. ಈರುಳ್ಳಿ ಹೆಚ್ಚುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಒಡೆಯೋಕೆ ಅದರಲ್ಲಿ ಹಾಲಿರಬೇಕಲ್ಲ," ಎಂದರು.

ಅಡುಗೆಯವರು ತೊಳೆದು ನೋಡಲೆಂದು ಜಿಡ್ಡು ಹಿಡಿದ ಬಾಣಲೆಯ ಜೊತೆಗೆ ಹಾಸ್ಟೆಲ್ಲಿನ ನಲ್ಲಿ ನೀರನ್ನೂ ಕ್ಯಾನಿನಲ್ಲಿ ತಂದಿದ್ದರು. ಕೆಟ್ಟ ಎಂಟನ್ನು ಬಚ್ಚಿಡಬೇಕೇ ಬೇಡವೇ ಎಂದು ಸೊಸೆ ತಡವರಿಸುವಷ್ಟರಲ್ಲಿ ಮಾವ ಕುಂಟುತ್ತಾ ಮುಂದೆ ಬಂದರು.

"ಒಡೆದಿರೋದು ನನ್ನ ಕೈವಾಡ. ಅವಳು ಮಾಡಿರೋದು ಈ ನಾಲ್ಕು."

ನಾಲ್ಕರಲ್ಲೊಂದರಿಂದ ಆ ನೀರಲ್ಲೇ ಉಜ್ಜಿದ ಬಾಣಲೆ ಮುಖ ಕಾಣುವಷ್ಟು ಬೆಳಗಿತು. ಅಡುಗೆಯವರು ಅದರಲ್ಲಿ ತಮ್ಮ ಮೀಸೆ ನೋಡಿಕೊಂಡು ನಲವತ್ತಕ್ಕೂ ಒಪ್ಪಿದರು. ಆದರೆ ತಮ್ಮ ಪಾತ್ರೆ ತೊಳೆಯುವವರೂ ಬಾಟಲಿಗೆ ನೀರು ಸುರಿಯುವ ಜಾತಿಯೇ, ಹಾಗಾಗಿ ಬಾಟಲಿಯ ಮೇಲೆ ದೊಡ್ಡದಾಗಿ ಬರೆದು ಅಂಟಿಸಬೇಕು ಎಂದರು.

ಮನೆಯಲ್ಲಿ ಅಕ್ಷರ ಮುದ್ದಾಗಿದ್ದದ್ದು ಮಾವನದು. ಅವರು ಕನ್ನಡಕ ಏರಿಸಿ, ಒಂದೊಂದು ಚೀಟಿಯ ಮೇಲೂ "ನೀರು ಬೆರೆಸಬಾರದು" ಎಂದು ಬರೆಯತೊಡಗಿದರು. ಅತ್ತೆ, ಗಂಡ ಹಾಲು ಹಾಕುವಾಗ ಬೀದಿಯಲ್ಲಿ ಕೂಗುತ್ತಿದ್ದ ದನಿಯನ್ನೇ ಎರವಲು ಪಡೆದು "ಹಾ...ಲೂ" ಎಂದು ರಾಗವೆಳೆಯುತ್ತಾ ಒಂದು ಚೀಟಿ ಎತ್ತಿಕೊಂಡು ಹೋಗಿ ಅಡುಗೆಮನೆಯ ಹಾಲಿನ ಪಾತ್ರೆಗೆ ಅಂಟಿಸಿದರು.