ನಡುಮನೆ ಕಡೆಯ ಚಿಲಕ

“ಅದನ್ನ ಹೊತ್ಕೊಂಡು ನನ್ನ ನಡುಮನೇಲಿ ನಡ್ಕೊಂಡು ಹೋಗ್ತೀಯೇನೋ, ಬೋಳಿಮಗನೆ? ಅಲ್ಲಿ ನಮ್ಮಮ್ಮ ದೇವರಿಗೆ ದೀಪ ಹಚ್ಚಿದ್ದಾರೆ. ಆ ಗಣಿ ಕೂಲಿ ಲೈನ್ ಮನೆ ಕಾಲು ಇಟ್ಕೊಂಡು ಬರ್ತೀಯ?”

ಮಾಲೀಕ ಸುಧಾಕರ್ ಹೊಸ್ತಿಲಿನ ಆಚೆಯೇ ನಿಂತು, ಮೂಗಿಗೆ ಕರ್ಚೀಫು ಒತ್ತಿಕೊಂಡು ಕೂಗುತ್ತಿದ್ದ. ಮನೆಯ ಹಿಂಬದಿಗೆ ಅಂಟಿಕೊಂಡಿದ್ದ ಆ ಕೆಲಸದ ಕೋಣೆಯೊಳಗೆ ಅವನು ಕಾಲಿಡುತ್ತಿರಲಿಲ್ಲ. ಉಗುರುಬಣ್ಣದ ಘಾಟು ಅವನಿಗೆ ತಲೆನೋವು ತರುತ್ತಿತ್ತು. ಅದೇ ಘಾಟಿನಲ್ಲಿ ಹನ್ನೊಂದು ಮಂದಿ ಹೆಂಗಸರು ಬೆಳಗ್ಗೆ ಎಂಟರಿಂದ ಕೂತು, ಹೆಬ್ಬೆರಳಿನಷ್ಟು ಗಾತ್ರದ ಸೀಸೆಗಳಿಗೆ ಕೆಂಪು, ಗುಲಾಬಿ, ನೇರಳೆ ತುಂಬುತ್ತಿದ್ದರು. ಅವರ ಉಗುರುಗಳನ್ನು ಮಾತ್ರ ಥಿನ್ನರ್ ತಿಂದು ಹಾಕಿತ್ತು.

ಗೋಡೆಯ ಗೂಡಿನಿಂದ ಅರ್ಧ ಎಳೆದ ಏಸಿ ಮೆಕ್ಯಾನಿಕ್ ಸೆಲ್ವರಾಜನ ಎದೆಗೆ ಒರಗಿತ್ತು. ಬೈಗುಳಕ್ಕೆ ಉತ್ತರ ಕೊಡಬೇಕೋ, ಭಾರವನ್ನು ಇಳಿಸಬೇಕೋ ಎಂದು ಅವನು ಒದ್ದಾಡುತ್ತಿರುವಾಗ ಹೆಂಗಸರ ನಡುವಿನಿಂದ ಚಿಕ್ಕಮುನಿಯಮ್ಮ ಎದ್ದು ಬಂದು ಇನ್ನೊಂದು ಬದಿಗೆ ಕೈಕೊಟ್ಟಳು. ಇಬ್ಬರೂ ಸೇರಿ ಅದನ್ನು ನೆಲದ ಮೇಲಿನ ಗೋಣಿತಾಟಿಗೆ ಇಳಿಸಿದರು.

“ಸಾರ್, ಇದನ್ನ ಇಲ್ಲಿ ಬಿಚ್ಚೋಕಾಗಲ್ಲ ಸಾರ್. ಆಚೆ ಬಯಲಲ್ಲಿ ಬಿಚ್ಬೇಕು.”

“ಲೇ, ಇದು ಕಿಡಿ ಆಚೆ ಬಿಡದ ಏಸಿ ಕಣೋ. ಲೈಸೆನ್ಸಿನವರು ಕೇಳಿದ್ರು ಅಂತ ನಾಲ್ಕರಷ್ಟು ಕೊಟ್ಟು ತಂದಿದ್ದೀನಿ. ಇಲ್ಲಿ ಬಿಚ್ಚಬಾರದು ಅನ್ನೋದಾದ್ರೆ ಅಷ್ಟು ದುಡ್ಡು ಯಾಕೆ ಸುರಿದೆ ನಾನು?”

“ಮುಚ್ಚಳ ಮುಚ್ಚಿರೋವರ್ಗೂ ಬಿಡಲ್ಲ ಸಾರ್. ಬಿಚ್ಚಿದ್ ಮೇಲೆ ಇದೂ ಎಲ್ಲಾ ಏಸಿ ತರಾನೇ. ಎಲ್ಲಿ ಕೆಟ್ಟಿದೆ ಅಂತ ನೋಡೋಕೆ ಕರೆಂಟ್ ಕೊಡ್ಬೇಕು. ಈ ಗಾಳೀಲಿ ಒಂದ್ ಕಿಡಿ ಸಾಕು ಸಾರ್.”

ಸೂಪರ್‌ವೈಸರ್ ನರೇಶ್ ಮಾಲೀಕನ ಹೆಗಲ ಹಿಂದಿನಿಂದ ಇಣುಕಿ ನಕ್ಕ. “ಹೋದ ಸಲ ಬೆಂಗಳೂರಿಂದ ಬಂದೋನು ಇಲ್ಲೇ ಬಿಚ್ಚಿದ ಸಾರ್, ಸಿಗರೇಟ್ ಒಂದು ಹಚ್ಚಿರಲಿಲ್ಲ ಅಷ್ಟೇ. ಇವನಿಗೆ ಕೈಲಾಗದೆ ಇದ್ರೂ ಸಬೂಬು ಚೆನ್ನಾಗಿ ಬರುತ್ತೆ.”

ಹೆಂಗಸರಲ್ಲಿ ಒಬ್ಬಿಬ್ಬರು ಸೆಲ್ವರಾಜನ ಮುಖ ನೋಡಿದರು. ಅವನ ಕಿವಿ ಬಿಸಿಯಾಯಿತು. ತಾನು ಸುಮ್ಮನೆ ಹೆದರುತ್ತಿದ್ದೇನೋ? ಆಂಡರ್ಸನ್‌ಪೇಟೆಯಲ್ಲಿ ಎರಡು ವರ್ಷ ಸಂಜೆ ಕ್ಲಾಸಿಗೆ ಹೋಗಿ ಕಲಿತದ್ದು ಅವನ ವಿದ್ಯೆ. ಬೆಂಗಳೂರಿನವನಿಗೆ ತಿಳಿಯದ್ದು ತನಗೆ ತಿಳಿದಿದೆ ಎನ್ನಲು ಅವನಿಗೇ ಧೈರ್ಯ ಸಾಲದು. ಏಸಿಯ ಪಕ್ಕಕ್ಕೆ ಹೊಡೆದಿದ್ದ ತಗಡಿನ ಫಲಕವನ್ನು ಬೆರಳಿನಿಂದ ಒರೆಸಿ, ಅಲ್ಲಿದ್ದ ಇಂಗ್ಲಿಷನ್ನು ಬೆಳಗಿನಿಂದ ಮೂರನೆಯ ಸಲ ಓದಿದ. ಹಾಗೇ ಇತ್ತು. ಅಪಾಯದ ಜಾಗದಲ್ಲಿ ಬಿಚ್ಚಬೇಡಿ, ಅಪಾಯವಿಲ್ಲದ ಜಾಗಕ್ಕೆ ಒಯ್ದು ಬಿಚ್ಚಿ.

ಹೋದ ವರ್ಷ ಒಂದು ಥಿನ್ನರ್ ಗೋಡೌನಿನಲ್ಲಿ ಅವನು ಸುಮ್ಮನಿದ್ದ. ಜೊತೆಗಾರ ಮೂರ್ತಿ ಅಲ್ಲೇ ನಿಂತು ಬಿಚ್ಚಿದ್ದ. ಮೂರ್ತಿಗೆ ಈಗ ಎಡಗಿವಿಯಿಲ್ಲ, ಎಡಗಣ್ಣಿನ ರೆಪ್ಪೆ ಮುಚ್ಚುವುದಿಲ್ಲ. ಮೆಕ್ಯಾನಿಕ್ಕಿನದೇ ತಪ್ಪು ಎಂದು ಗೋಡೌನಿನವರು ಬರೆಸಿಕೊಂಡರು. ಆ ಕಾಗದಕ್ಕೆ ಸಾಕ್ಷಿಯಾಗಿ ಸೆಲ್ವರಾಜನೇ ರುಜು ಹಾಕಿದ್ದ.

“ಹಿಂದಿನ ಬಾಗಿಲಿಂದ ತಗೊಂಡು ಹೋಗು, ಯಾರು ಬೇಡ ಅಂದ್ರು?” ಎಂದ ಸುಧಾಕರ್.

“ಡ್ರಮ್ ಅಡ್ಡ ಇದೆ ಸಾರ್.”

ನಿನ್ನೆ ಸಂಜೆ ಲಾರಿಯಿಂದ ಇಳಿಸಿದ ಇಪ್ಪತ್ನಾಲ್ಕು ಥಿನ್ನರ್ ಡ್ರಮ್ಮುಗಳು ಹಿಂದಿನ ಬಾಗಿಲಿಗೆ ಒತ್ತಿಕೊಂಡೇ ನಿಂತಿದ್ದವು. ಹೊರುವ ಹಮಾಲಿಗಳು ಬರುವುದು ನಾಳಿದ್ದು. ಒಬ್ಬರು ಅಡ್ಡ ತಿರುಗಿ ನುಸುಳುವಷ್ಟು ಸಂದು ಮಾತ್ರ ಉಳಿದಿತ್ತು.

“ಶ್ಯಾಮಲನ್ನೇ ಬೆಳಗ್ಗೆ ಇಬ್ರು ನೂಕಿ ಒಳೀಕ್ ತಂದ್ವಿ ಸಾರ್,” ಎಂದಳು ಚಿಕ್ಕಮುನಿಯಮ್ಮ. “ಏಸಿ ಅವಳಿಗಿಂತ ಎರಡ್ ಗೇಣು ದಪ್ಪ ಐತೆ.”

“ಪೋಕ್ಕಾ, ಓಗು, ನಿಂಗ್ಯಾಕೆ ನನ್ ಅಳ್ತೆ!” ಎಂದು ಶ್ಯಾಮಲ ಸೀಸೆಯ ಮುಚ್ಚಳವನ್ನು ಅವಳ ಬೆನ್ನಿಗೆ ಎಸೆದಳು. ನಗು ಏಳುವಷ್ಟರಲ್ಲಿ ನಡುಮನೆಯಿಂದ ಸುಧಾಕರನ ತಾಯಿಯ ದನಿ ಬಂತು.

“ಸುಧಾ, ಬಾಗಿಲು ಹಾಕಪ್ಪ. ಅವರ ಗಾಳಿ ಇಲ್ಲಿವರೆಗೂ ಬರ್ತಿದೆ.”

“ಅರ್ಧ ಗಂಟೆ ಟೈಮು,” ಎಂದು ಸುಧಾಕರ್ ಬೆರಳೆತ್ತಿದ. “ಎರಡು ದಿನದಿಂದ ಬಣ್ಣ ಸೀಸೆ ಬಾಯಲ್ಲೇ ಗಟ್ಟಿಯಾಗ್ತಿದೆ. ಇಲ್ಲೇ ಬಿಚ್ಚಿ, ಇಲ್ಲೇ ಸರಿಮಾಡು. ಆಗಲ್ಲ ಅಂದ್ರೆ ಬಾಯಿ ಮುಚ್ಕೊಂಡು ಹೋಗು, ನಾಳೆ ಇನ್ನೊಬ್ಬನ್ನ ಕರೆಸ್ತೀನಿ. ಬಂಗಾರಪೇಟೇಲಿ ನಿನ್ನ ಕೈಗೆ ಯಾರೂ ಸ್ಕ್ರೂಡ್ರೈವರ್ ಕೊಡದ ಹಾಗೆ ಮಾಡ್ತೀನಿ.”

ಬಾಗಿಲು ಮುಚ್ಚಿತು. ಆ ಕಡೆಯಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.

ಏಸಿ ಇದ್ದ ಗೂಡಿನಲ್ಲಿ ಈಗ ಚೌಕಾಕಾರದ ಬಿಸಿಲು. ಬಣ್ಣ ಕೆಡಬಾರದೆಂದು ತಂದ ಏಸಿ ಅದು. ಅದು ಕೆಟ್ಟು ಎರಡು ದಿನವಾದರೂ ಹೆಂಗಸರ ತಲೆಸುತ್ತಿಗೆ ಯಾರೂ ಮೆಕ್ಯಾನಿಕ್ಕನ್ನು ಕರೆದಿರಲಿಲ್ಲ.

ಸೆಲ್ವರಾಜ್ ಜೇಬು ಮುಟ್ಟಿ ನೋಡಿಕೊಂಡ. ಏಸಿಯ ಲೈನಿನಿಂದ ಕಿತ್ತಿಟ್ಟ ಫ್ಯೂಸು ಅಲ್ಲೇ ಇತ್ತು. ಅದು ತನ್ನ ಜೇಬಿನಲ್ಲಿರುವ ತನಕ ಯಾರೂ ಮರೆತು ಕರೆಂಟು ಹಾಕಲಾರರು. ಆಮೇಲೆ ಆ ಬಾಗಿಲನ್ನು ನೋಡಿದ. ಒಳಗಿನಿಂದ ಹಿಡಿಯಲು ಅದಕ್ಕೆ ಒಂದು ಬಳೆಯೂ ಇರಲಿಲ್ಲ.

“ಅಕ್ಕಾ, ಈ ಬಾಗ್ಲನ್ನ ನಮ್ ಕಡೆಯಿಂದ ತೆಗಿಯೋಕಾಗಲ್ವಾ?”

“ಎಲ್ಲಾನಾ ಉಂಟಾ! ಚಿಲ್ಕ ಆ ಕಡೆ ಐತೆ. ನರೇಶ ತಗದ್ರೆ ಉಂಟು, ಇಲ್ದಿದ್ರೆ ಇಲ್ಲ. ಮಡಿ ಅಂತೆ.” ಚಿಕ್ಕಮುನಿಯಮ್ಮ ಅಷ್ಟು ಹೇಳಿ ನಿಂತಳು. ಕ್ಯಾಸಂಬಳ್ಳಿಯಿಂದ ಮೂರು ವರ್ಷ ದಿನಾ ಬಸ್ಸಿನಲ್ಲಿ ಬಂದು ಅದೇ ಬಾಗಿಲಿಗೆ ಬೆನ್ನು ಕೊಟ್ಟು ಕೂತವಳು. “ಯಾಕ್ ಕೇಳ್ದೆ?”

ಅವನು ಹಿಂದಿನ ಬಾಗಿಲಿನ ಡ್ರಮ್ಮುಗಳನ್ನು ನೋಡಿದ. ಅವಳೂ ಅತ್ತ ತಿರುಗಿದಳು.

“ಆ ಡ್ರಮ್ಮಲ್ಲಿರೋದು ಇದೇ ತಾನೆ? ಈ ಗಾಟಿಂದೇ?”

“ಊಂ.”

“ಅಂಗಾದ್ರೆ ಇಲ್ಲಿ ಬೆಂಕಿ ಬಿದ್ರೆ ನಾವ್ ಯಾವ್ ಕಡೀಕ್ ಓಡೋದು?”

ಸೀಸೆ ತುಂಬುತ್ತಿದ್ದ ಕೈಗಳು ಒಂದೊಂದಾಗಿ ನಿಂತವು.

“ಅಯ್ಯಯ್ಯೋ ಕಡವುಳೇ, ದೇವ್ರೇ,” ಎಂದಳು ಶ್ಯಾಮಲ. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. “ಒಬ್ಬೊಬ್ರೇ ಅಡ್ಡಡ್ಡ ಓಗ್ಬೇಕಾ?”

ಸೆಲ್ವರಾಜ್ ತನ್ನ ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕತೊಡಗಿದ. “ನಾನ್ ಇಲ್ಲಿ ಬಿಚ್ಚಲ್ಲಕ್ಕಾ. ಅವ್ರು ಏನ್ ಮಾಡ್ಕೊಂಡ್ರೂ ಸರಿ. ನಾನ್ ಓಗ್ತೀನಿ.” ಹೇಳುವಾಗ ಅವನಿಗೆ ಒಂದು ದೊಡ್ಡ ಕೆಲಸ ಮಾಡಿದಂತೆಯೇ ಅನ್ನಿಸಿತು.

“ಓಗಪ್ಪ, ಓಗು,” ಎಂದಳು ಚಿಕ್ಕಮುನಿಯಮ್ಮ. “ನಿನ್ ಜೀವ ನಿಂಗೆ. ನಾಳೆ ಇನ್ನೊಬ್ಬ ಬತ್ತಾನೆ, ಇಲ್ಲೇ ಬಿಚ್ತಾನೆ. ನಾವೆಲ್ಲೂ ಓಗಲ್ಲ, ಇಲ್ಲೇ ಬಿದ್ದಿರ್ತೀವಿ.”

ಅವನ ಕೈ ಚೀಲದೊಳಗೇ ನಿಂತಿತು. ಮೂರ್ತಿಯ ಮುಚ್ಚದ ಕಣ್ಣು ಅವನನ್ನು ನೋಡುತ್ತಿದ್ದದ್ದು ಹೀಗೆಯೇ. ಅವನು ತಲೆಯೆತ್ತಿದಾಗ ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು.

“ಎಷ್ಟ್ ತೂಕ ಬತ್ತದೆ ಇದು?”

“ಎಪ್ಪತ್ತು ಕೆಜಿ ಇರ್ಬೋದು. ಯಾಕಕ್ಕಾ? ವೇಣಾಂಕ್ಕಾ, ಬ್ಯಾಡ, ನಿಮ್ಗೆ ಕೆಲ್ಸ ಓಗ್ತದೆ.”

“ಎಪ್ಪತ್ತು ಕೇಜಿ ಒಂದ್ ಮೂಟೆ ರಾಗಿ ಕಣ್ಲಾ. ಶ್ಯಾಮಲಾ, ಬಾರೆ ಇಲ್ಲಿ, ಆ ಮೂಲೆ ಇಡ್ಕೊ. ಏ ಕಲ್ಪನಾ, ನೀನ್ ಈ ಮೂಲೆ.” ಆಮೇಲೆ ನಡುಮನೆ ಬಾಗಿಲಿಗೆ ಅಂಗೈಯಿಂದ ದಬದಬ ಬಡಿದು, ದನಿಯನ್ನು ಸಕ್ಕರೆ ಮಾಡಿಕೊಂಡು ಕೂಗಿದಳು: “ನರೇಶಣ್ಣೋ! ಏಸಿ ಆಯ್ತಂತೆ, ಸಾರು ಬಂದ್ ನೋಡ್ಬೇಕಂತೆ!”

ಚಿಲಕ ಸರಿಯಿತು. ಬಾಗಿಲು ತೆರೆದ ನರೇಶನಿಗೆ ಎದುರಾದದ್ದು ಗೋಣಿತಾಟಿನ ನಾಲ್ಕು ಮೂಲೆ ಹಿಡಿದು ಬರುತ್ತಿದ್ದ ನಾಲ್ವರು. ಅವನು ಪಕ್ಕಕ್ಕೆ ಹಾರದಿದ್ದರೆ ಏಸಿಯ ಅಂಚು ಅವನ ಹೊಟ್ಟೆಗೆ ತಾಗುತ್ತಿತ್ತು.

ನಡುಮನೆಯ ನೆಲ ಕೆಂಪು, ಕಾಲಿಗೆ ತಣ್ಣಗೆ ಹತ್ತಿತು. ಉಯ್ಯಾಲೆ, ಗೋಡೆ ತುಂಬ ಪಟಗಳು, ತೆರೆದ ದೇವರ ಕೋಣೆ. ಏಸಿಯ ತಟ್ಟೆಯಲ್ಲಿ ಉಳಿದಿದ್ದ ಕೊಳೆನೀರು ಗೋಣಿಯಿಂದ ಸೋರಿ ಅವರ ಹಿಂದೆ ಸಾಲು ಹಿಡಿಯಿತು.

ಮಣೆಯ ಮೇಲೆ ಕೂತಿದ್ದ ಮುದುಕಿ ಕಿರುಚಿಕೊಂಡಳು. “ಸುಧಾ! ಮೈಲಿಗೆ ಮಾಡಿಬಿಟ್ರಲ್ಲೋ! ಹೊಲೆಗೇರೀನೇ ಒಳಗೆ ಬಂತಲ್ಲೋ!”

ಸುಧಾಕರ್ ಅಡ್ಡ ಬಂದು ಎರಡು ಕೈ ಚಾಚಿದ. “ಇಳಿಸ್ರೇ ಮುಂಡೇರಾ! ಅಲ್ಲೇ ಇಳಿಸಿ!”

“ಇಲ್ಲೇ ಇಳಿಸ್ಬೇಕಾ ಸಾರ್, ದೇವ್ರ ಮುಂದೆ?” ಎಂದಳು ಚಿಕ್ಕಮುನಿಯಮ್ಮ. ಅವಳು ನಿಲ್ಲಲಿಲ್ಲ. “ದಾರಿ ಬಿಡಿ, ಕೈ ಜಾರ್ತೈತೆ. ಕಾಲ್ ಮ್ಯಾಲೆ ಬಿದ್ರೆ ನಿಮ್ ಬೆರಳೇ ಓಗೋದು.”

ಸುಧಾಕರ್ ತನ್ನ ಕಾಲು ನೋಡಿಕೊಂಡ. ಸರಿದು ನಿಂತ.

“ವಾಪಸ್ ಇದೇ ದಾರೀಲೇ ಬತ್ತೀವವ್ವಾ,” ಎಂದು ಅವಳು ದಾಟುತ್ತ ಮುದುಕಿಗೆ ಹೇಳಿದಳು.

ಮುಂದಿನ ಅಂಗಳದಲ್ಲಿ ಗಾಳಿ ಧಾರಾಳವಾಗಿತ್ತು. ಸೆಲ್ವರಾಜ್ ಹೆಂಗಸರನ್ನು ದೂರ ನಿಲ್ಲಿಸಿ, ಏಸಿಯ ಸ್ವಿಚ್ಚು, ವೈರುಗಳನ್ನು ಮುಚ್ಚಿದ್ದ ಎರಕದ ಪೆಟ್ಟಿಗೆಯ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದ. ಮುಚ್ಚಳದ ಒಳಮೈ ಒಲೆಯ ಬಾಯಿಯಂತೆ ಕಪ್ಪಾಗಿತ್ತು. ಬೆರಳಿಗೆ ಮಸಿ ಹತ್ತಿತು. ಕಂಪ್ರೆಸರಿಗೆ ಹೋಗುವ ವೈರು ತುದಿಯಲ್ಲಿ ಸುಟ್ಟು ಸಡಿಲವಾಗಿತ್ತು. ಒಳಗೆ ಎಷ್ಟು ಸಲ ಕಿಡಿ ಹಾರಿತ್ತೋ, ಪೆಟ್ಟಿಗೆ ಅಷ್ಟನ್ನೂ ನುಂಗಿಕೊಂಡು ಕೂತಿತ್ತು.

ಜಗುಲಿಯ ಪ್ಲಗ್ಗಿನಿಂದ ವೈರೆಳೆದು ಒಂದು ಕ್ಷಣ ಕರೆಂಟು ಕೊಟ್ಟ. ಚಟಾರನೆ ನೀಲಿ ಬೆಳಕು ಹಾರಿತು. ಕಲ್ಪನ ಕಣ್ಣು ಮುಚ್ಚಿಕೊಂಡಳು. ಸೆಲ್ವರಾಜ್ ಕರೆಂಟು ತೆಗೆದ.

ಶ್ಯಾಮಲ ಜಗುಲಿಯ ಕಡೆ ತಿರುಗಿದಳು. “ಇದನ್ನ ಒಳ್ಗೆ ಬಿಚ್ಚು ಅಂದ್ರಾ ಸಾರ್ ನೀವು?”

ಜಗುಲಿಯ ಮೇಲಿದ್ದ ಸುಧಾಕರನೂ ಆ ಬೆಳಕನ್ನು ನೋಡಿದ್ದ. ಮುಖ ತಿರುಗಿಸಿ, “ಆಯ್ತಲ್ಲ, ಬೇಗ ಮುಗಿಸು,” ಎಂದ.

ಸೆಲ್ವರಾಜ್ ಸುಟ್ಟ ವೈರು ಬದಲಿಸಿದ. ಧೂಳು ಕಟ್ಟಿದ ಕಾಯಿಲು ತೊಳೆದ. ಅಂಗಳದಲ್ಲೇ ಓಡಿಸಿ ನೋಡಿದ ಮೇಲೆ ಮುಚ್ಚಳದ ಅಂಚು ಒರೆಸಿ, ಬೋಲ್ಟುಗಳನ್ನು ಬಿಗಿದು, ಮತ್ತೆ ಮೊದಲಿನಿಂದ ಒಂದೊಂದನ್ನೂ ಮುಟ್ಟಿ ನೋಡಿದ. ಒಳಗಿನಿಂದ ನೀರು ಎರಚುವ ಸದ್ದು ಬರುತ್ತಿತ್ತು. ಗಂಜಲದ ವಾಸನೆಯೂ ಬಂತು.

ನಾಲ್ವರೂ ಏಸಿ ಹೊತ್ತು ಮತ್ತೆ ನಡುಮನೆಗೆ ಬಂದಾಗ ಮುದುಕಿ ಕಸಬರಿಗೆ ಹಿಡಿದು ಒದ್ದೆ ನೆಲದ ನಡುವೆ ನಿಂತಿದ್ದಳು.

“ಈಗಷ್ಟೇ ತೊಳೆದಿದ್ದೀನಿ ಕಣ್ರೇ!”

“ಓಗೋವಾಗ್ಲೇ ಯೋಳಿದ್ನಲ್ಲವ್ವಾ.”

ಒಳಬಾಗಿಲು ಮುಚ್ಚಿತ್ತು. ಉಳಿದ ಎಂಟು ಮಂದಿಯನ್ನು ಒಳಗಿಟ್ಟು ನರೇಶ್ ಮತ್ತೆ ಚಿಲಕ ಹಾಕಿದ್ದ. ಚಿಕ್ಕಮುನಿಯಮ್ಮ ಏಸಿಯ ಮೂಲೆಯನ್ನು ಮೊಣಕಾಲಿಗೆ ಒರಗಿಸಿಕೊಂಡು ಆ ಚಿಲಕವನ್ನು ನೋಡಿದಳು. ಮೂರು ವರ್ಷ ಸದ್ದು ಮಾತ್ರ ಕೇಳಿದ್ದಳು. ಮೊಳದುದ್ದದ ಹಿತ್ತಾಳೆ. ಹುಣಸೆಹಣ್ಣು ಹಚ್ಚಿ ಬೆಳಗಿ, ಮೇಲೆ ಕುಂಕುಮದ ಬೊಟ್ಟು ಇಟ್ಟಿದ್ದರು.

“ಥೂ ಇವರ ಮಡೀಗೆ,” ಎಂದು ಸರಿಸಿದಳು. ಬಾಗಿಲ ಹಿಂದೆಯೇ ಎಂಟು ಮುಖಗಳು ಒತ್ತಿಕೊಂಡು ನಿಂತಿದ್ದವು.

ಏಸಿ ತನ್ನ ಗೂಡು ಸೇರಿತು. ಸೆಲ್ವರಾಜ್ ವೈರುಗಳನ್ನು ಬಿಗಿದು, ಅವುಗಳ ಪೆಟ್ಟಿಗೆಯನ್ನೂ ಮುಚ್ಚಿ, ಡ್ರಮ್ಮುಗಳ ಸಂದಿನಲ್ಲಿ ನುಸುಳಿ ಹೋಗಿ ಹಿಂದಿನ ಓಣಿಯ ಬೋರ್ಡಿಗೆ ಫ್ಯೂಸು ಹಾಕಿ ಬಂದ. ತಣ್ಣನೆಯ ಗಾಳಿ ಬೀಸಿತು. ಕೆಲಸ ಮುಗಿದಿತ್ತು. ಚೀಲ ಹೆಗಲಿಗೇರಿಸಿ ಹೊರಡಬಹುದಿತ್ತು.

ಅವನು ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ಹೊಸ್ತಿಲು ದಾಟಿ ನಡುಮನೆ ಕಡೆಗೆ ಬಂದು, ಬಾಗಿಲಿನ ಮುಂದೆ ಮಂಡಿಯೂರಿದ. ಮೊದಲನೆಯ ಸ್ಕ್ರೂ ತಿರುಗಿಸತೊಡಗಿದ.

“ಏಯ್! ಏನೋ ಮಾಡ್ತಿದ್ದೀಯ?” ಸುಧಾಕರ್ ಓಡಿ ಬಂದ.

“ಚಿಲಕ ಬಿಚ್ತಾ ಇದೀನಿ ಸಾರ್.”

“ಯಾರೋ ಹೇಳಿದ್ದು ನಿಂಗೆ?”

ಯಾರೂ ಹೇಳಿರಲಿಲ್ಲ. ಇದು ತನ್ನ ಕೆಲಸವೋ ಅಲ್ಲವೋ ಎಂದು ಅವನಿಗೇ ಗೊತ್ತಿರಲಿಲ್ಲ. ಸ್ಕ್ರೂ ನೆಲಕ್ಕೆ ಬಿತ್ತು. ಎರಡನೆಯದೂ ಬಿತ್ತು. ಸುಧಾಕರ್ ಅವನ ಕೊರಳಪಟ್ಟಿ ಹಿಡಿದು ಎಳೆದ. ಅಂಗಿ ಹರಿಯಿತು. ಸೆಲ್ವರಾಜ್ ಇನ್ನೊಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಮೂರನೆಯದನ್ನು ತಿರುಗಿಸಿದ.

“ನರೇಶಾ, ಸ್ಟೇಷನ್ನಿಗೆ ಫೋನ್ ಮಾಡು! ಮನೆಗೆ ನುಗ್ಗಿ ಹಿತ್ತಾಳೆ ಕದೀತಿದ್ದಾರೆ ಅನ್ನು!”

ಮೂರನೆಯದು ಬಿತ್ತು. ನಾಲ್ಕನೆಯ ಸ್ಕ್ರೂ ಕಬ್ಬಿಣದ್ದು. ತುಕ್ಕು ಹಿಡಿದು ಮರದೊಳಗೆ ಕಚ್ಚಿಕೊಂಡಿತ್ತು. ಬೆವರಿದ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಅವನ ಅಂಗೈಯನ್ನು ಗೀರಿತು. ನರೇಶ್ ಫೋನಿನಲ್ಲಿ ವಿಳಾಸ ಹೇಳುತ್ತಿದ್ದ.

ಚಿಕ್ಕಮುನಿಯಮ್ಮ ಹೊಸ್ತಿಲು ದಾಟಿ ಬಂದು ಸುಧಾಕರನಿಗೂ ಸೆಲ್ವರಾಜನಿಗೂ ನಡುವೆ ನುಗ್ಗಿದಳು. ತೊಳೆದ ನೆಲದ ಮೇಲೆ ಕಾಲು ಚಾಚಿ ಕೂತಳು.

“ನಿದಾನುಕ್ ಬಿಚ್ಚಪ್ಪ,” ಎಂದಳು. “ಅವ್ಸರ ಏನಿಲ್ಲ.”

ಶ್ಯಾಮಲ ಬಂದು ಅವಳ ಪಕ್ಕ ಕೂತಳು. ಆಮೇಲೆ ಕಲ್ಪನ. ಒಬ್ಬೊಬ್ಬರಾಗಿ ಹೊರಬಂದು, ಬಣ್ಣ ಮೆತ್ತಿದ ಕೈಗಳನ್ನು ನೆಲಕ್ಕೆ ಊರಿ ಕೂತರು. ಹನ್ನೊಂದು ಮಂದಿಯೂ ಕೂತ ಮೇಲೆ ದೇವರ ಕೋಣೆಯವರೆಗೆ ಕಾಲಿಡಲು ಜಾಗವಿರಲಿಲ್ಲ. ಮುದುಕಿ ಕಸಬರಿಗೆ ಹಿಡಿದು ಗೋಡೆಗೆ ಒತ್ತಿ ನಿಂತಿದ್ದಳು. ಸೆಲ್ವರಾಜ್ ರಕ್ತದ ಅಂಗೈಯನ್ನು ಪ್ಯಾಂಟಿಗೆ ಒರೆಸಿ, ಸ್ಕ್ರೂಡ್ರೈವರಿನ ತುದಿಯನ್ನು ಮತ್ತೆ ಆ ನಾಲ್ಕನೆಯ ಸ್ಕ್ರೂವಿನ ಗೀರಿಗೆ ಕೂರಿಸಿದ.