ಕಂಪ್ಯೂಟರಿಗೆ ಬಿದ್ದ ಕಣ್ಣು

ಲತಾಳನ್ನು ಕಂಡರೆ ನನಗೆ ಹೊಟ್ಟೆಯುರಿ. ಮುಚ್ಚುಮರೆ ಯಾಕೆ? ಧರ್ಮಪುರದ ಬಸ್‌ಸ್ಟ್ಯಾಂಡಿನಲ್ಲಿ ಮೊದಲು ಆನ್‌ಲೈನ್ ಸೆಂಟರ್ ಅಂತ ಬೋರ್ಡು ಹಾಕಿದವಳು ನಾನು. ಹರಿಯಬ್ಬೆಯಿಂದ ಬಂದ ಈಕೆ ನನ್ನ ಎದುರಿಗೇ ಅಂಗಡಿ ತೆರೆದಳು. ಅಲ್ಲಿಂದ ನನ್ನ ಗಿರಾಕಿಗಳೆಲ್ಲ ರಸ್ತೆ ದಾಟತೊಡಗಿದರು. "ಅಲ್ಲಿ ಬೇಗ ಆಗ್ತೈತೆ ಯಶೋದಕ್ಕ" ಅಂತ ನನ್ನ ಮುಖಕ್ಕೇ ಹೇಳುತ್ತಾರೆ!

ನನ್ನದೂ ಬೇಗ ಆಗಲಿ ಅಂತ ಕಂಡಕಂಡದ್ದನ್ನು ಡೌನ್‌ಲೋಡ್ ಮಾಡಿದೆ. 'ಸ್ಪೀಡ್ ಹೆಚ್ಚಿಸಿ' ಅಂದರೆ ಒತ್ತಿದೆ, 'ನೆಕ್ಸ್ಟ್' ಅಂದರೆ ಒತ್ತಿದೆ. ಒತ್ತಿದಾಗಲೆಲ್ಲ ಬ್ರೌಸರಿನ ನೆತ್ತಿಯ ಮೇಲೆ ಒಂದು ಟೂಲ್‌ಬಾರ್ ಬಂದು ಕೂತಿತು, ಹಬ್ಬಕ್ಕೆ ಬಂದು ಊರಿಗೆ ಹೋಗದ ಬೀಗರ ಹಾಗೆ. ಈಗ ವೆಬ್‌ಸೈಟ್ ಕಾಣುವುದು ಗೇಣಗಲ. ಎಲ್ಲಿ ಒತ್ತಿದರೂ ರಮ್ಮಿ ಆಟದ ಜಾಹೀರಾತು.

ಇದು ಲತಾಳ ಕಣ್ಣೇ ಅನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಅತ್ತೆ ಜುಂಜಮ್ಮ ಉಪ್ಪು, ಒಣಮೆಣಸಿನಕಾಯಿ ಹಿಡಿದು ಮಾನಿಟರಿಗೆ ಇಳಿ ತೆಗೆದು ಬೆಂಕಿಗೆ ಹಾಕಿದರು. ಘಾಟೇ ಬರಲಿಲ್ಲ.

"ನೋಡ್ದೇನೇ? ಘಾಟಿಲ್ಲ ಅಂದ್ರೆ ಕಣ್ಣು ಬಿದ್ದೈತೆ, ದಿಟ" ಅಂದರು.

ಸರ್ಕಾರದ ಸಬ್ಸಿಡಿ ಶೇಂಗಾ ಬೀಜಕ್ಕೆ ಹೆಸರು ನೋಂದಾಯಿಸಲು ಅವತ್ತು ಕೊನೆಯ ದಿನ. ನಮ್ಮ ಹಟ್ಟಿಯ ಜನ ಮಾತ್ರ ನನ್ನನ್ನು ಬಿಟ್ಟಿರಲಿಲ್ಲ. ಎಲ್ಲರೂ ಬಂದು ನಿಂತಿದ್ದರು. ಇವರೂ ಆಚೆ ಹೋದರೆ ನಾನು ಶಟರ್ ಎಳೆದು ಮನೆಗೆ ಹೋಗುವುದೇ. ಹಟ್ಟಿಯ ಹಿರಿಯ ಗೊಲ್ಲಪ್ಪ ಮಾವನ ಆಧಾರ್ ನಂಬರ್ ಹೊಡೆದೆ. ರಮ್ಮಿ ಬಂತು. ಮತ್ತೆ ಹೊಡೆದೆ, ಮತ್ತೆ ರಮ್ಮಿ.

"ಏನವ್ವ, ಬೀಜ ಕೇಳಿದ್ರೆ ಇಸ್ಪೀಟು ಕೊಡ್ತೀಯಲ್ಲ!" ಅಂದ ಮಾವ. ಎಲ್ಲರೂ ನಕ್ಕರು.

ಅಷ್ಟರಲ್ಲಿ ಅತ್ತೆ ರಸ್ತೆ ದಾಟಿ ಹೋಗಿ ಲತಾಳ ಕೈ ಹಿಡಿದು ಕರೆತಂದರು. ನನ್ನ ಸ್ವಂತ ಅತ್ತೆ! ನಾನು ಕಣ್ಣು ಕೆಂಪಗೆ ಮಾಡಿದ್ದಕ್ಕೆ ಕಿವಿಯಲ್ಲಿ, "ಸುಮ್ಕಿರೇ, ಕಣ್ಣು ಹಾಕಿದೋರ ಕೈಲೇ ತೆಗೆಸ್ಬೇಕು" ಅಂದರು.

ಲತಾ ನನ್ನ ಕುರ್ಚಿಯಲ್ಲಿ ಕೂತಳು. "ಅಕ್ಕ, ಇವೆಲ್ಲ ನೀವೇ ಹಾಕ್ಕಂಡಿರೋವು ಕಣ್ರಿ. ನೆಕ್ಸ್ಟ್ ಒತ್ತೋಕೆ ಮುಂಚೆ ಟಿಕ್ ತೆಗೀಬೇಕು" ಅಂದಳು. ಒಂದೊಂದನ್ನೇ ಅನ್‌ಇನ್‌ಸ್ಟಾಲ್ ಮಾಡಿ, ಎಕ್ಸ್‌ಟೆನ್ಶನ್‌ಗಳನ್ನು ಕಿತ್ತು, ಹೋಮ್‌ಪೇಜ್ ಸರಿಮಾಡಿದಳು. ಸ್ಕ್ರೀನು ಸಾರಿಸಿದ ಅಂಗಳದಂತಾಯಿತು. ನಾನು ಸಂತೋಷಪಡಬೇಕಿತ್ತು. ಅವಳ ಬೆರಳು ಓಡುವ ಚಂದಕ್ಕೇ ಮೈಯೆಲ್ಲ ಉರಿಯಿತು.

ಸರಿಹೋಯಿತೇ ನೋಡಲು ಅವಳು ಸರ್ಚಿನಲ್ಲಿ ತನ್ನ ಹೆಸರನ್ನೇ ಹೊಡೆದಳು. ನಾನು ಹಿಂದೆ ಹುಡುಕಿದ್ದೆಲ್ಲ ಕೆಳಗೆ ಸಾಲಾಗಿ ಇಳಿಯಿತು. 'ಲತಾ ಸೆಂಟರಿಗೆ ಲೈಸೆನ್ಸ್ ಇದೆಯಾ.' 'ಲತಾ ಸೆಂಟರ್ ಮೇಲೆ ದೂರು ಕೊಡುವುದು ಹೇಗೆ.' 'ಲತಾ ಅಂಗಡಿ ಮುಚ್ಚಿಸುವ ಮಂತ್ರ.'

ಭೂಮಿ ಬಾಯಿ ಬಿಡಬಾರದಿತ್ತೇ! ಓದಲು ಬಾರದ ಅತ್ತೆ ಬಗ್ಗಿ ನೋಡಿದರು. "ಏನಂತ ಐತೆ ತಾಯಿ ಅದ್ರಾಗೆ?"

ಲತಾ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ಏನಿಲ್ಲಜ್ಜಿ, ಹಳೇ ಕಸ. ಇದ್ನೂ ತೆಗೀತೀನಿ" ಅಂದು ಅಳಿಸಿಬಿಟ್ಟಳು. ಎದ್ದು, "ಕುಂತ್ಕಳ್ರಿ ಗೊಲ್ಲಪ್ಪಣ್ಣ, ಅಕ್ಕ ಮಾಡಿಕೊಡ್ತಾರೆ" ಅಂದವಳೇ ರಸ್ತೆ ದಾಟಿದಳು.

ಹಟ್ಟಿಯ ಜನ ಉಳಿದರು, ಅಂಗಡಿಯೂ ಉಳಿಯಿತು. ಅತ್ತೆ ಬಾಗಿಲಲ್ಲಿ ನಿಂತು ಅವಳು ಹೋದ ಕಡೆಯೇ ನೋಡುತ್ತಿದ್ದರು.

"ಎಂಥಾ ಒಳ್ಳೇ ಹುಡುಗಿ ಕಣೇ" ಅಂದರು.

ಒಳ್ಳೆಯವಳೇ. ಹಾಳಾದವಳು, ಅದರಲ್ಲೂ ನನಗಿಂತ ಮುಂದೆ ಹೋಗಬೇಕಿತ್ತೇ!