ಪಾಸಾದವನ ತಾಯಿ

ಹೆದ್ದಾರಿಯಿಂದ ಹಾರ್ಲೋ ಕ್ರೀಕ್ ಊರಿಗೆ ಇಳಿಯುವ ತಿರುವಿನಲ್ಲಿ ವರ್ನಾ ಸ್ಟಕಿಯ ಮಗನ ಮುಖ ಮನೆಯಷ್ಟು ಎತ್ತರಕ್ಕೆ ನಿಂತಿತ್ತು. ತಲೆಗೆ ಹೈಸ್ಕೂಲು ಮುಗಿಸಿದವರಿಗೆ ಹಾಕುವ ನೀಲಿ ಟೋಪಿ, ಬಾಯಿ ತುಂಬ ನಗು. ಕೆಳಗೆ, ‘ನಮ್ಮ ಶಾಲಾ ಜಿಲ್ಲೆ: ಪ್ರತಿ ಮಗುವಿಗೂ ಗೆಲುವು’ ಎಂಬ ಬರಹ. ಜೂನ್‌ನಲ್ಲಿ ಆ ಫಲಕ ಎದ್ದಾಗ ವರ್ನಾ ಕಾರು ನಿಲ್ಲಿಸಿ ಫೋಟೊ ತೆಗೆದು ತಂಗಿಗೆ ಕಳಿಸಿದ್ದಳು. ಸೆಪ್ಟೆಂಬರ್ ಹೊತ್ತಿಗೆ ಅದನ್ನು ಕಂಡರೆ ಅವಳ ಮೈ ಉರಿಯುತ್ತಿತ್ತು.

ಮಗ ಕೋಲ್ಬಿ ಶಾಲೆ ಮುಗಿಸಿದವನೇ ಹೊಲದ ಔಷಧಿ ಮಾರುವ ಗೋದಾಮೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಒಂದು ದಿನ ಚೆಲ್ಲಿದ ಪುಡಿಯನ್ನು ನೀರು ಹಾಕಿ ತೊಳೆಯಲು ಹೋದ. ನೀರು ತಾಕಿಸಬಾರದೆಂದು ಡಬ್ಬದ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು. ಮೊಣಕೈ ತನಕ ಎರಡೂ ಕೈ ಸುಟ್ಟವು. ಆಸ್ಪತ್ರೆಯಲ್ಲಿ ಡಾಕ್ಟರು, “ಮೇಲೆ ಬರ್ದಿದ್ದು ನೋಡ್ಲಿಲ್ವೇನಪ್ಪಾ?” ಎಂದಾಗ ಅವನು ಗೋಡೆ ಕಡೆ ಮುಖ ತಿರುಗಿಸಿದ.

“ನೋಡ್ದೆ. ಓದಕ್ಕೆ ಬರಲ್ಲ ನಂಗೆ.”

ಮಗ ಓದಿನಲ್ಲಿ ಹಿಂದೆ ಎಂಬುದು ವರ್ನಾಳಿಗೆ ಗೊತ್ತಿತ್ತು. ಇಷ್ಟು ಹಿಂದೆ ಎಂದು ಗೊತ್ತಿರಲಿಲ್ಲ. ಕೇಳಿದಾಗಲೆಲ್ಲ ಶಾಲೆಯವರು, ದಾರಿಗೆ ಬರ್ತಿದಾನೆ, ಚಿಂತೆ ಬೇಡ ಎನ್ನುತ್ತಿದ್ದರು. ಫೇಲಾದ ವಿಷಯಗಳಿಗೆ ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಉತ್ತರ ಸರಿಯಾಗುವ ತನಕ ಗುಂಡಿ ಒತ್ತಿಸಿ ದಡ ಸೇರಿಸಿದ್ದರು. ವೃದ್ಧಾಶ್ರಮದ ಲಾಂಡ್ರಿಯಲ್ಲಿ ಎರಡು ಪಾಳಿ ದುಡಿಯುತ್ತಿದ್ದವಳು ಅವರ ಮಾತು ನಂಬಿದ್ದಳು.

ಅಕ್ಟೋಬರ್‌ನಲ್ಲಿ ಶಾಲಾ ಮಂಡಳಿಯ ತಿಂಗಳ ಸಭೆ. ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಅಂಕಣದ ತುಂಬ ಮಡಚು ಕುರ್ಚಿ. ಜಿಲ್ಲೆಯ ಶಾಲೆಗಳಿಗೆಲ್ಲ ಮುಖ್ಯಸ್ಥನಾದ ಸೂಪರಿಂಟೆಂಡೆಂಟ್ ಪ್ರೆಸ್ಟನ್ ಗೇಜ್ ಪರದೆಯ ಮುಂದೆ ನಿಂತು ವರ್ಷದ ಪ್ರಗತಿ ಹೇಳಿದ.

“ನೂರಕ್ಕೆ ತೊಂಬತ್ತಾರು ಮಕ್ಕಳು ಪಾಸು! ಈ ಜಿಲ್ಲೆ ಇಂಥ ವರ್ಷ ಕಂಡೇ ಇಲ್ಲ.”

ಚಪ್ಪಾಳೆ ಬಿತ್ತು. ಮುಂದಿನ ಆದ್ಯತೆಗಳು ಬಂದವು: ಪ್ರತಿ ಮಗುವಿನ ಕೈಗೂ ಹೊಸ ಟ್ಯಾಬ್ಲೆಟ್, ಫುಟ್‌ಬಾಲ್ ಮೈದಾನಕ್ಕೆ ಹೊಸ ಹುಲ್ಲುಹಾಸು. ಅದಕ್ಕೆ ಇನ್ನೂ ಜೋರು ಚಪ್ಪಾಳೆ. ಊರವರ ಸರದಿ ಬಂದಾಗ ವರ್ನಾ ಲಾಂಡ್ರಿಯ ಅಂಗಿಯಲ್ಲೇ ಮೈಕಿನ ಮುಂದೆ ಹೋಗಿ ನಿಂತಳು.

“ಆ ತೊಂಬತ್ತಾರರಲ್ಲಿ ನನ್ ಮಗನೂ ಇದಾನಾ, ಮಿಸ್ಟರ್ ಗೇಜ್?”

“ಖಂಡಿತ ಇದಾನೆ, ಮಿಸೆಸ್ ಸ್ಟಕಿ. ಕೋಲ್ಬಿ ನಮ್ಮ ಹೆಮ್ಮೆ.”

“ಅವನಿಗೆ ಓದಕ್ಕೆ ಬರಲ್ಲ. ವಿಷದ ಡಬ್ಬದ ಮೇಲಿನ ಒಂದು ಸಾಲು ಓದಕ್ಕಾಗ್ದೆ ಕೈ ಸುಟ್ಕೊಂಡು ಕೂತಿದಾನೆ. ಏನ್ ನೋಡಿ ಪಾಸ್ ಮಾಡಿದ್ರಿ? ಮುಖ ನೋಡಿನಾ?”

ಗೇಜನ ನಗು ಮಾಸಲಿಲ್ಲ. “ಒಬ್ಬೊಬ್ಬರ ವೈಯಕ್ತಿಕ ವಿಷ್ಯ ಇಲ್ಲಿ ಚರ್ಚೆ ಮಾಡೋ ಹಾಗಿಲ್ಲ.”

“ವೈಯಕ್ತಿಕಾನಾ? ದಾರೀಲಿ ಹೋಗೋರಿಗೆಲ್ಲ ಕಾಣೋ ಹಾಗೆ ಅವನ ಮೋರೆ ಕಟ್ಟಿದೋರು ಯಾರು? ನಾನಾ?”

ಹಿಂದಿನ ಸಾಲಿನಿಂದ ಒಬ್ಬ ಕೂಗಿದ: “ಹನ್ನೆರಡು ವರ್ಷ ನೀನೇನ್ ಮಾಡ್ತಿದ್ದೆ ತಾಯಿ? ಹೆತ್ತಿದ್ದು ಇವರಾ, ನೀನಾ?”

ನಗು ಎದ್ದಿತು. ವರ್ನಾ ತಿರುಗಿದಳು.

“ನಾನು ವೃದ್ಧಾಶ್ರಮದಲ್ಲಿ ನಿಮ್ಮಪ್ಪನ ಹಾಸಿಗೆ ಬಟ್ಟೆ ಒಗೀತಿದ್ದೆ ಕಣೋ, ಹ್ಯಾಂಕ್. ನೀನು ನೋಡಕ್ಕೂ ಬರ್ತಿರಲಿಲ್ಲ.”

ನಗು ನಿಂತಿತು. ಮಂಡಳಿಯ ಅಧ್ಯಕ್ಷೆ ಮಿಸೆಸ್ ಲಡ್ಲೋ ಮೇಜಿಗೆ ಮರದ ಸುತ್ತಿಗೆ ಕುಟ್ಟಿ, ಮೈಕು ಆಫ್ ಮಾಡಿಸಿದಳು. ಆರಿದ ಮೈಕಿನ ಮುಂದೆಯೂ ವರ್ನಾ ಗಂಟಲು ಹರಿಯುವ ಹಾಗೆ ಬೈಯುತ್ತಲೇ ಇದ್ದಳು. ಕಾವಲಿನವನು ತೋಳು ಹಿಡಿದು ಹೊರಗೆ ತಂದು ಬಿಟ್ಟ.

ಮನೆಗೆ ಬಂದರೆ ಕೋಲ್ಬಿ ಅಡುಗೆಮನೆಯಲ್ಲಿ ನಿಂತಿದ್ದ. ಸಭೆಯೆಲ್ಲ ಫೋನಿನಲ್ಲಿ ನೇರವಾಗಿ ಬಂದಿತ್ತು.

“ನಿನ್ನ ಯಾರು ಕೇಳಿದ್ರು?” ಅಂದ. “ಆಸ್ಪತ್ರೆ ಡಾಕ್ಟ್ರಿಗೆ ಗೊತ್ತಿತ್ತು, ನಿಂಗೆ ಗೊತ್ತಿತ್ತು. ಈಗ ಊರಿಗೆಲ್ಲ ಡಂಗುರ ಸಾರಿದೆಯಲ್ಲ!”

“ನಿಂಗೋಸ್ಕರ ಕಣೋ.”

“ನಂಗೋಸ್ಕರ ಆಗಿದ್ರೆ ನನ್ನ ಒಂದ್ ಮಾತು ಕೇಳ್ತಿದ್ದೆ. ನಿಂಗೆ ಆ ಗೇಜನ ಮಾನ ಕಳೀಬೇಕಿತ್ತು. ಕಳೆದಿದ್ದು ನಂದು.”

ಅವನು ಬ್ಯಾಂಡೇಜಿನ ಕೈಯಲ್ಲಿ ಹೇಗೋ ಚೀಲ ತುಂಬಿಕೊಂಡು, ಗೆಳೆಯನ ಕಾರು ಹತ್ತಿ ಟೊಲೀಡೊದ ಸೋದರಮಾವನ ಮನೆಗೆ ಹೊರಟುಹೋದ.

ಮರುವಾರ ಹೆದ್ದಾರಿಯ ಫಲಕ ಇಳಿಯಿತು. ಅದರ ಹಿಂದೆಯೇ ಗೇಜ್ ಲಾಂಡ್ರಿಗೆ ಬಂದ. ಬಿಸಿ ಹಬೆಯಲ್ಲಿ ಟೈ ಸಡಿಲ ಮಾಡಿಕೊಳ್ಳುತ್ತ, “ಕೋಲ್ಬಿಗೆ ಒಬ್ಬ ಒಳ್ಳೆ ಮೇಷ್ಟ್ರನ್ನ ಗೊತ್ತು ಮಾಡ್ತೀವಿ. ಖರ್ಚೆಲ್ಲ ನಮ್ದು. ಅವತ್ತು ದುಃಖದಲ್ಲಿ ಏನೋ ಅಂದ್ಬಿಟ್ಟೆ ಅಂತ ನೀವು ಮುಂದಿನ ಸಭೇಲಿ ಹೇಳಿದ್ರೆ ಸಾಕು” ಅಂದ.

“ಮೇಷ್ಟ್ರನ್ನ ಕೊಡಿ. ಅದು ನೀವು ಕೊಡಬೇಕಾದ್ದೇ. ಮಾತು ಮಾತ್ರ ವಾಪಸ್ ಇಲ್ಲ.”

“ಹಾಗಾದ್ರೆ ಕಷ್ಟ.”

“ಕಷ್ಟ ಅಂದ್ರೆ ಏನು ಅಂತ ನಿಮಗೆ ಗೊತ್ತಿದ್ರೆ ಇಲ್ಲಿಗೆ ಬರ್ತಿರಲಿಲ್ಲ. ನಡೀರಿ, ಕಾಲಡಿ ನೀರಿದೆ, ಜಾರೀತು.”

ಮೇಷ್ಟರು ಬರಲಿಲ್ಲ. ಆದರೆ ಮುಂದಿನ ಸಭೆಗೆ ಅದೇ ದೂರು ಹೇಳಲು ಮೈಕಿನ ಹಿಂದೆ ಸಾಲು ನಿಂತಿತು. ಕಂಪ್ಯೂಟರಿನ ಗುಂಡಿ ಒತ್ತಿ ಪಾಸಾದವರ ತಾಯಂದಿರು, ಒಬ್ಬ ಅಜ್ಜ, ಕೊನೆಗೆ ಕೈಯಲ್ಲಿ ಟೋಪಿ ಹಿಡಿದ ಹ್ಯಾಂಕ್. ಅವನು ವರ್ನಾಳ ಕಡೆ ನೋಡಲಿಲ್ಲ. ಚಳಿಗಾಲ ಮುಗಿಯುವುದರೊಳಗೆ ಹುಲ್ಲುಹಾಸಿನ ಕೆಲಸ ಮುಂದೂಡಿದರು, ಆ ದುಡ್ಡಿಗೆ ಓದು ಕಲಿಸುವ ಇಬ್ಬರು ಟೀಚರುಗಳು ಬಂದರು. ಇದೆಲ್ಲ ತನ್ನದೇ ಯೋಜನೆ ಎಂಬಂತೆ ಗೇಜ್ ಪರದೆಯ ಮುಂದೆ ನಿಂತು ವಿವರಿಸಿದ, ಮಂಡಳಿ ಅವನ ಅವಧಿಯನ್ನು ಮುಂದುವರಿಸಿತು. ಊರಿನ ಅರ್ಧ ಜನ ವರ್ನಾಳಿಗೆ ನಮಸ್ಕಾರ ಹೇಳುವುದನ್ನೇ ಬಿಟ್ಟರು. ಮೈದಾನ ನುಂಗಿದವಳು ಎಂದು ಯಾರೋ ಅವಳ ಕಾರಿನ ಗಾಜಿನ ಮೇಲೆ ಗೀಚಿದರು.

ಏಪ್ರಿಲ್‌ನಲ್ಲಿ ಒಂದು ಭಾನುವಾರ ಕೋಲ್ಬಿ ಫೋನ್ ಮಾಡಿದ. ಮಾವನ ಜೊತೆ ಛಾವಣಿ ಹಾಕುವ ಕೆಲಸಕ್ಕೆ ಹೋಗುತ್ತಿದ್ದ.

“ಇನ್ನೂ ಆ ಸಭೆಗೆ ಹೋಗ್ತಿದೀಯಾ?”

“ಹೋಗ್ತೀನಿ.”

“ನನ್ ಹೆಸರು ಎತ್ಬೇಡ.”

“ಎತ್ತಲ್ಲ. ಕೈ ಹೇಗಿದೆ?”

ಅವನ ಹಿಂದೆ ಯಾರೋ ಸುತ್ತಿಗೆ ಬಡಿಯುವ ಸದ್ದು ಫೋನಿನಲ್ಲಿ ಕೇಳಿಸಿತು. ಆಮೇಲೆ ಕೋಲ್ಬಿ ಫೋನ್ ಇಟ್ಟ.